ಅಳತೆಗೋಲು ಯಾರ ಕೈಯಲ್ಲಿ?

(ಒಬ್ಬರು ರಾಜಕಾರಣಿಗಳಿಗೆ ಭಾಷಣ ಬರೆಯುವವರು. ಇನ್ನೊಬ್ಬರು ಆ ಭಾಷಣಗಳಿಗೆ ಅಂಕಿಅಂಶದ ಚಿತ್ರ ಬಿಡಿಸುವವರು.)

ಬರೆಯುವವರು: ಭಾಷಣ ಸಿದ್ಧವಾಗಿದೆ ಮೇಡಂ. ತೆರಿಗೆ ಪಾಲಿನ ಮಾತು ಬರುವ ಹೊತ್ತಿಗೆ ವೇದಿಕೆಯ ಹಿಂದಿನ ಎಲ್‌ಇಡಿ ಪರದೆ ಮೇಲೆ ಒಂದು ಚಿತ್ರ ಬೇಕು. ವಿಷಯ ಸರಳವಾಗಿದೆ. ಕೇಂದ್ರ ಸರ್ಕಾರ ತನ್ನ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ ಕೊಟ್ಟ ಪಾಲು ಶೇ. 4.713. 15ನೇ ಆಯೋಗ ಅದನ್ನು ಶೇ. 3.647ಕ್ಕೆ ಇಳಿಸಿತು. ಎರಡು ಕಂಬ ನಿಲ್ಲಿಸಿದರೆ ಸಾಕು, ಒಂದು ಎತ್ತರದ್ದು, ಇನ್ನೊಂದು ಗಿಡ್ಡದ್ದು. ಮೈದಾನದ ಕೊನೆಯಲ್ಲಿ ನಿಂತವರಿಗೂ ನಮಗೇನಾಗಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗಬೇಕು.

ಬಿಡಿಸುವವರು: ಗಿಡ್ಡ ಅಂದರೆ ಎಷ್ಟು ಗಿಡ್ಡ, ಅದನ್ನು ಮೊದಲು ತೀರ್ಮಾನಿಸೋಣ. ಕಂಬದ ಬುಡ ಸೊನ್ನೆಯಿಂದ ಶುರುವಾದರೆ ಎತ್ತರದ ಕಂಬ ಗಿಡ್ಡದರ ಒಂದೂಕಾಲು ಪಟ್ಟಿಗಿಂತ ತುಸು ಜಾಸ್ತಿ ಇರುತ್ತದೆ, ಅಷ್ಟೆ. ಬುಡವನ್ನು 3.5ಕ್ಕೆ ಎತ್ತಿಟ್ಟು ಕೆಳಗಿನದನ್ನೆಲ್ಲ ಕತ್ತರಿಸಿಬಿಟ್ಟರೆ ಅದೇ ಕಂಬ ಎಂಟು ಪಟ್ಟು ಎತ್ತರ ಕಾಣುತ್ತದೆ. ತಲೆಯ ಮೇಲೆ ಬರೆದ ಅಂಕಿ ಎರಡು ಚಿತ್ರದಲ್ಲೂ ಅದೇ. ಆದರೆ ಕಣ್ಣು ಅಂಕಿಗಿಂತ ಮೊದಲು ಉದ್ದವನ್ನು ಓದುತ್ತದೆ. 1984ರಲ್ಲಿ ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಜನರಿಗೆ ಬೇರೆಬೇರೆ ಬಗೆಯ ಗ್ರಾಫ್ ತೋರಿಸಿ ಯಾವುದರಲ್ಲಿ ಅಂದಾಜು ಸರಿಯಾಗಿ ಬರುತ್ತದೆ ಅಂತ ಪರೀಕ್ಷೆ ಮಾಡಿದರು. ಒಂದೇ ಅಳತೆಪಟ್ಟಿಯ ಮೇಲೆ ಎರಡು ಬಿಂದು ಎಲ್ಲೆಲ್ಲಿವೆ ಅನ್ನುವುದನ್ನು ಕಣ್ಣು ಚೆನ್ನಾಗಿ ಹೋಲಿಸುತ್ತದೆ. ಕೋನ, ವಿಸ್ತೀರ್ಣ, ಗಾತ್ರಕ್ಕೆ ಬಂದಂತೆ ತಪ್ಪುಗಳು ಹೆಚ್ಚುತ್ತವೆ. ಕಂಬದ ಗ್ರಾಫಿಗೆ ಶಕ್ತಿ ಬಂದಿರುವುದೇ ಅಲ್ಲಿಂದ. ಬುಡ ಕತ್ತರಿಸಿದರೆ ಕಣ್ಣಿನ ಆ ಒಳ್ಳೆಯ ಗುಣವನ್ನೇ ಅದರ ವಿರುದ್ಧ ಬಳಸಿದಂತೆ. ಮೈದಾನದಲ್ಲಿ ನಿಂತವರು ಮನೆಗೆ ಎಂಟು ಪಟ್ಟಿನ ಅನ್ಯಾಯವನ್ನು ಹೊತ್ತುಕೊಂಡು ಹೋಗುತ್ತಾರೆ, ಆಗಿರುವುದು ಅದಲ್ಲ.

ಬರೆಯುವವರು: ಬುಡ ಕತ್ತರಿಸಿ ಅಂತ ನಾನು ಕೇಳಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ನಾವು ಬರೆಯುತ್ತಿರುವುದು ಭಾಷಣ, ಆರ್ಥಿಕ ಸಮೀಕ್ಷೆಯ ವರದಿಯಲ್ಲ. ವಕೀಲರು ತಮ್ಮ ಕಕ್ಷಿದಾರನ ಪರವಾಗಿ ವಾದ ಮಾಡುತ್ತಾರೆ, ಎದುರು ಪಕ್ಷದ ವಾದವನ್ನೂ ತಾವೇ ಮಂಡಿಸುವುದಿಲ್ಲ. ಪದಗಳಲ್ಲಿ ಒತ್ತು ಕೊಡುವುದು ತಪ್ಪಲ್ಲ ಅಂತಾದರೆ ಚಿತ್ರದಲ್ಲಿ ಯಾಕೆ ತಪ್ಪು? ‘ನಮ್ಮ ಪಾಲನ್ನು ಕಿತ್ತುಕೊಂಡರು’ ಅಂತ ನಾನು ಬರೆಯಬಹುದು, ಯಾರೂ ಅಳತೆಪಟ್ಟಿ ಹಿಡಿದು ಬರುವುದಿಲ್ಲ. ಚಿತ್ರಕ್ಕೆ ಮಾತ್ರ ಯಾಕೆ ಬೇರೆ ಮಡಿ?

ಬಿಡಿಸುವವರು: ಪಕ್ಷ ವಹಿಸುವುದು ಚಿತ್ರಕ್ಕೆ ನಿಷಿದ್ಧವಲ್ಲ, ಅದು ಹುಟ್ಟಿದ್ದೇ ರಾಜಕೀಯದ ಮನೆಯಲ್ಲಿ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಗೆರೆಗ್ರಾಫ್ ಮತ್ತು ಕಂಬಗ್ರಾಫ್‌ಗಳ ಪುಸ್ತಕ ತಂದಾಗ ಅದರ ಹೆಸರಿನಲ್ಲೇ ವಾಣಿಜ್ಯದ ಜೊತೆಗೆ ರಾಜಕೀಯವೂ ಇತ್ತು. ಅವನಿಗೂ ವಾದವಿತ್ತು. 1801ರ ಇನ್ನೊಂದು ಪುಸ್ತಕದಲ್ಲಿ ಯುರೋಪಿನ ದೇಶಗಳನ್ನು ವೃತ್ತಗಳಾಗಿ ಬರೆದು, ಪ್ರತಿ ವೃತ್ತದ ಎಡಕ್ಕೆ ಜನಸಂಖ್ಯೆಯ ಗೆರೆ, ಬಲಕ್ಕೆ ಸರ್ಕಾರದ ಆದಾಯದ ಗೆರೆ ನಿಲ್ಲಿಸಿದ. ಎರಡರ ತುದಿಗಳನ್ನು ಚುಕ್ಕೆಗೆರೆಯಿಂದ ಜೋಡಿಸಿ, ಆ ಚುಕ್ಕೆಗೆರೆಯ ಇಳಿಜಾರು ಜನರ ಮೇಲಿನ ತೆರಿಗೆಯ ಭಾರವನ್ನು ತೋರಿಸುತ್ತದೆ ಅಂದ. ಅವನ ದೇಶದವರ ಮೇಲೆ ತೆರಿಗೆ ಹೆಚ್ಚು ಅನ್ನುವುದು ಅವನ ವಾದ. ಆದರೆ ಆ ಇಳಿಜಾರು ವೃತ್ತದ ಅಗಲದ ಮೇಲೂ ನಿಂತಿದೆ, ಅಂದರೆ ದೇಶದ ವಿಸ್ತೀರ್ಣದ ಮೇಲೆ. ರಷ್ಯಾದಂಥ ದೊಡ್ಡ ದೇಶದ ಗೆರೆ ತಾನಾಗಿ ಮಲಗುತ್ತದೆ, ಸಣ್ಣ ದೇಶದ್ದು ತಾನಾಗಿ ಎದ್ದು ನಿಲ್ಲುತ್ತದೆ. ಗ್ರಾಫಿನ ಜನಕನೇ ಎಡವಿದ ಜಾಗ ಅದು. ಪಕ್ಷ ವಹಿಸುವವರು ಯಾವ ಪ್ರಶ್ನೆ ಕೇಳಬೇಕು ಅನ್ನುವುದನ್ನು ಆರಿಸಿಕೊಳ್ಳಬಹುದು. ಅಳತೆಗೋಲನ್ನು ಬಗ್ಗಿಸುವ ಹಕ್ಕು ಅದರೊಂದಿಗೆ ಬರುವುದಿಲ್ಲ.

ಪದಕ್ಕೂ ಚಿತ್ರಕ್ಕೂ ಬೇರೆ ನಿಯಮ ಯಾಕೆ ಅಂದಿರಿ. ‘ಕಿತ್ತುಕೊಂಡರು’ ಅನ್ನುವ ಪದ ಕೇಳಿದಾಗ ಅದರ ಹಿಂದೆ ಒಬ್ಬ ಮನುಷ್ಯ, ಒಂದು ಪಕ್ಷ, ಒಂದು ಸಿಟ್ಟು ಇದೆ ಅಂತ ಕೇಳುವವರಿಗೆ ಗೊತ್ತು. ಅವರು ತಮ್ಮ ಅನುಮಾನವನ್ನು ಸೇರಿಸಿಕೊಂಡೇ ಕೇಳುತ್ತಾರೆ. ಗ್ರಾಫ್ ನೋಡುವಾಗ ಯಾರೋ ಮಾತಾಡುತ್ತಿದ್ದಾರೆ ಅನ್ನಿಸುವುದಿಲ್ಲ, ಇರುವುದನ್ನು ಅಳೆದು ತೋರಿಸಿದ್ದಾರೆ ಅನ್ನಿಸುತ್ತದೆ. ಆ ನಂಬಿಕೆ ನಾವು ಗಳಿಸಿದ್ದಲ್ಲ. ಶಾಲೆಯ ಗಣಿತದ ಮೇಷ್ಟ್ರು, ಆಸ್ಪತ್ರೆಯ ಜ್ವರದ ಚಾರ್ಟು, ಹವಾಮಾನ ಇಲಾಖೆಯ ಮಳೆಯ ಲೆಕ್ಕ ಸೇರಿ ಕಟ್ಟಿದ ನಂಬಿಕೆ. ಅದನ್ನು ನಾವು ಒಂದು ಸಂಜೆಗೆ ಕಡ ತರುತ್ತಿದ್ದೇವೆ.

ಬರೆಯುವವರು: ನಂಬಿಕೆಯ ಮಾತು ಬಂದಾಗ ಎಲ್ಲರೂ ಅಮೆರಿಕದ ವಿದೇಶಾಂಗ ಸಚಿವರಾಗಿದ್ದ ಕಾಲಿನ್ ಪವೆಲ್ ಅವರ ಹೆಸರು ಹೇಳುತ್ತಾರೆ. 2003ರ ಫೆಬ್ರವರಿ 5, ವಿಶ್ವಸಂಸ್ಥೆಯ ಭದ್ರತಾ ಮಂಡಳಿ. ಉಪಗ್ರಹದ ಚಿತ್ರಗಳು, ಕದ್ದು ಕೇಳಿದ ಸಂಭಾಷಣೆಯ ಧ್ವನಿ, ಇರಾಕಿನಲ್ಲಿ ಲಾರಿಗಳ ಮೇಲೆ ಓಡಾಡುವ ಜೈವಿಕ ಅಸ್ತ್ರದ ಪ್ರಯೋಗಾಲಯಗಳ ಸ್ಲೈಡುಗಳು. ಯುದ್ಧ ಮುಗಿದ ಮೇಲೆ ಹುಡುಕಿದರೆ ಅಸ್ತ್ರಗಳ ದಾಸ್ತಾನು ಸಿಗಲಿಲ್ಲ. ಆದರೆ ಅಲ್ಲಿ ತಪ್ಪಿದ್ದು ಗುಪ್ತಚರ ಮಾಹಿತಿ, ಸ್ಲೈಡ್ ಅಲ್ಲ. ಅದೇ ಮಾಹಿತಿಯನ್ನು ಬಾಯಲ್ಲಿ ಹೇಳಿದ್ದರೂ ಸುಳ್ಳು ಸುಳ್ಳೇ ಆಗುತ್ತಿತ್ತು.

ಬಿಡಿಸುವವರು: ಸುಳ್ಳು ಸುಳ್ಳೇ, ಒಪ್ಪುತ್ತೇನೆ. ಆದರೆ ಅದು ಅಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ ಅನ್ನುವುದನ್ನು ನೋಡಬೇಕು. ಆ ಲಾರಿಗಳ ಫೋಟೊ ಯಾರ ಬಳಿಯೂ ಇರಲಿಲ್ಲ. ಅಲ್ಲಿ ತೋರಿಸಿದ್ದು ಕಲಾವಿದರು ಬಿಡಿಸಿದ ಚಿತ್ರ, ಅದರ ಆಧಾರ ಮುಖ್ಯವಾಗಿ ‘ಕರ್ವ್‌ಬಾಲ್’ ಎಂಬ ಗುಪ್ತನಾಮದ ಒಬ್ಬ ಮಾಹಿತಿದಾರನ ಮಾತು. ಬಾಯಲ್ಲಿ ಹೇಳುವಾಗ ‘ಹೀಗೆ ಕೇಳಿದ್ದೇವೆ’, ‘ಇರಬಹುದು’, ‘ಒಬ್ಬನ ಹೇಳಿಕೆ’ ಅನ್ನುವ ಹಂತಗಳಿರುತ್ತವೆ. ಕನ್ನಡದ ಕ್ರಿಯಾಪದದ ತುದಿಯಲ್ಲೇ ‘ಅಂತೆ’ ಸೇರಿಸಿ ಅಷ್ಟನ್ನು ಹೇಳಿಬಿಡಬಹುದು. ಲಾರಿಯ ಚಿತ್ರಕ್ಕೆ ‘ಅಂತೆ’ ಇಲ್ಲ. ಚಕ್ರ, ಟ್ಯಾಂಕು, ಪೈಪು ಎಲ್ಲವನ್ನೂ ಖಚಿತವಾದ ಗೆರೆಯಲ್ಲೇ ಬರೆಯಬೇಕು. ಒಬ್ಬನ ಮಾತು ಗೆರೆಯಾದ ಕೂಡಲೇ ಅನುಮಾನ ಉದುರಿಹೋಯಿತು. ಪವೆಲ್ ಅವರೇ 2005ರಲ್ಲಿ ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಲೆ ಎಂಬ ಅರ್ಥದ ಮಾತು ಹೇಳಿದರು.

ಇದರ ಪಕ್ಕದಲ್ಲಿ ಇನ್ನೊಂದು ಸಭೆಯನ್ನಿಡಿ. 2015ರ ಸೆಪ್ಟೆಂಬರ್ 29ರಂದು ಅಮೆರಿಕದ ಸಂಸತ್ತಿನ ಒಂದು ಸಮಿತಿಯ ಮುಂದೆ ಪ್ಲಾನ್ಡ್ ಪೇರೆಂಟ್‌ಹುಡ್ ಸಂಸ್ಥೆಯ ಮುಖ್ಯಸ್ಥೆ ಸಿಸಿಲ್ ರಿಚರ್ಡ್ಸ್ ಕೂತಿದ್ದರು. ಸಮಿತಿಯ ಅಧ್ಯಕ್ಷ ಜೇಸನ್ ಚೇಫೆಟ್ಸ್ ಒಂದು ಚಾರ್ಟ್ ತೋರಿಸಿದರು. ಕ್ಯಾನ್ಸರ್ ತಪಾಸಣೆಯಂಥ ಸೇವೆಗಳ ಬಾಣ ಕೆಳಕ್ಕೆ, ಗರ್ಭಪಾತದ ಬಾಣ ಮೇಲಕ್ಕೆ. ನಡುವೆ ಎರಡೂ ಒಂದನ್ನೊಂದು ದಾಟಿ ಗರ್ಭಪಾತದ ಬಾಣವೇ ಮೇಲೆ ನಿಂತಿದೆ. ಬಾಣಗಳ ತುದಿಯಲ್ಲಿ ಅಂಕಿಗಳಿದ್ದವು. ತಪಾಸಣೆ 2006ರಲ್ಲಿ 20,07,371 ಇದ್ದದ್ದು 2013ಕ್ಕೆ 9,35,573. ಗರ್ಭಪಾತ 2,89,750ರಿಂದ 3,27,000. ಒಂಬತ್ತು ಲಕ್ಷದ ಗೆರೆ ಮೂರು ಲಕ್ಷದ ಗೆರೆಗಿಂತ ಕೆಳಗಿತ್ತು! ಒಂದೇ ಹಾಳೆಯ ಮೇಲೆ ಎರಡು ಬೇರೆ ಅಳತೆಪಟ್ಟಿಗಳು, ಆದರೆ ಪಟ್ಟಿಗಳನ್ನು ಬರೆದೇ ಇಲ್ಲ. ರಿಚರ್ಡ್ಸ್ ಆ ಚಾರ್ಟನ್ನು ಅಲ್ಲೇ ಪ್ರಶ್ನಿಸಿದರು, ಅದರ ಮೂಲ ಗರ್ಭಪಾತ ವಿರೋಧಿ ಸಂಸ್ಥೆಯೊಂದು ಅನ್ನುವುದು ಅಲ್ಲೇ ಹೊರಬಿತ್ತು. ಒಂದೆರಡು ದಿನದಲ್ಲಿ ನೋಡಿದವರೇ ಸರಿಯಾದ ಅಳತೆಯಲ್ಲಿ ಅದನ್ನು ಬರೆದು ತೋರಿಸಿದರು. ಪವೆಲ್ ಅವರ ಸ್ಲೈಡನ್ನು ಹಾಗೆ ಯಾರೂ ಮತ್ತೆ ಬರೆದು ನೋಡುವಂತಿರಲಿಲ್ಲ. ಚೇಫೆಟ್ಸ್ ಚಾರ್ಟು ವಕ್ರವಾಗಿತ್ತು, ಆದರೂ ಅದರ ಮೇಲಿದ್ದ ನಾಲ್ಕು ಅಂಕಿಗಳೇ ಅದನ್ನು ಬಿಚ್ಚಿಟ್ಟವು. ಭಾಷಣದ ಚಿತ್ರಕ್ಕೆ ನಾನು ಕೇಳುವುದು ಇಷ್ಟು: ಅದು ಅಳತೆಗೋಲನ್ನು ಮಾತಾಡುವವರ ಕೈಯಿಂದ ತೆಗೆದು ಕೇಳುವವರ ಕೈಗೆ ಕೊಡಬೇಕು.

ಬರೆಯುವವರು: ಅಮೆರಿಕದ ಆ ಸಮಿತಿಯಲ್ಲಿ ಎದುರಿನವರಿಗೆ ಮೈಕ್ ಇತ್ತು. ನಮ್ಮಲ್ಲಿ ಹಾಗಿಲ್ಲವಲ್ಲ. ಲೋಕಸಭೆಯ ನಿಯಮಾವಳಿಯ ಪ್ರಕಾರ ಸದಸ್ಯರು ಸದನದಲ್ಲಿ ಧ್ವಜ, ಲಾಂಛನ, ಪ್ರದರ್ಶನದ ವಸ್ತು ಯಾವುದನ್ನೂ ಎತ್ತಿ ತೋರಿಸುವಂತಿಲ್ಲ. ಹಾಗಾಗಿ ನಮ್ಮ ಸ್ಲೈಡುಗಳು ಸದನದ ಹೊರಗೇ ಬಾಳುತ್ತವೆ, ಪತ್ರಿಕಾಗೋಷ್ಠಿಯಲ್ಲಿ, ಸಮಾವೇಶದಲ್ಲಿ, ಮೊಬೈಲಿನಲ್ಲಿ.

ಬಿಡಿಸುವವರು: ನೀವೀಗ ಹೇಳಿದ್ದರಿಂದ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಉತ್ತರ ಕೊಡಲು ಎದುರಾಳಿ ಇರುವ ಜಾಗದಲ್ಲಿ ನಮಗೆ ಚಿತ್ರವಿಲ್ಲ. ಚಿತ್ರವಿರುವ ಜಾಗದಲ್ಲಿ ಎದುರಾಳಿ ಇಲ್ಲ. ಸಮಾವೇಶದಲ್ಲಿ ಎದ್ದು ನಿಂತು ‘ಸ್ವಾಮಿ, ಆ ಕಂಬದ ಬುಡ ಎಲ್ಲಿದೆ?’ ಅಂತ ಕೇಳುವವರು ಯಾರು? ಕೇಳಿದರೂ ಕೇಳಿಸುವುದಿಲ್ಲ. ಹಾಗಿರುವಾಗ ಎದುರಾಳಿ ಕೇಳಬಹುದಾದ ಪ್ರಶ್ನೆಯನ್ನು ಚಿತ್ರವೇ ತನ್ನೊಳಗೆ ಇಟ್ಟುಕೊಂಡಿರಬೇಕು. ಸದನದಲ್ಲಿ ಸಭಾಧ್ಯಕ್ಷರು ಮಾಡುವ ಕೆಲಸದಲ್ಲಿ ಸ್ವಲ್ಪವನ್ನಾದರೂ ಮೈದಾನದಲ್ಲಿ ಸ್ಲೈಡ್ ಮಾಡಬೇಕು.

2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ನಡೆಸಿದ ಪತ್ರಿಕಾಗೋಷ್ಠಿಯನ್ನೇ ನೋಡಿ, ವಿಷಯ ನಮ್ಮ ಬೆಂಗಳೂರಿನ ಮಹದೇವಪುರ. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಗೆಲುವಿನ ಅಂತರ 32,707. ಮಹದೇವಪುರ ಒಂದರಲ್ಲೇ ಬಿಜೆಪಿಗೆ 1,14,046 ಮತಗಳ ಮುನ್ನಡೆ. ಅಲ್ಲಿ 1,00,250 ಮತಗಳು ನಕಲಿ ಅನ್ನುವುದು ಆರೋಪ. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿತು, ಪ್ರಮಾಣಪತ್ರಕ್ಕೆ ಸಹಿ ಹಾಕಿ ದೂರು ಕೊಡಿ ಅಂದಿತು. ಆರೋಪ ನಿಜವೋ ಅಲ್ಲವೋ ಅನ್ನುವುದು ನಮ್ಮ ಇವತ್ತಿನ ಮಾತಲ್ಲ, ಅದು ಸ್ಲೈಡಿನಿಂದ ತೀರ್ಮಾನವಾಗುವುದೂ ಅಲ್ಲ. ನನಗೆ ಮುಖ್ಯವಾದದ್ದು ಅದರ ರಚನೆ. ಒಟ್ಟು ಮೊತ್ತವನ್ನು ಐದಾಗಿ ಒಡೆದು ತೋರಿಸಿದ್ದರು: ಎರಡೆರಡು ಕಡೆ ಇರುವ ಹೆಸರು 11,965, ಸರಿಯಿಲ್ಲದ ವಿಳಾಸ 40,009, ಒಂದೇ ವಿಳಾಸದಲ್ಲಿ ಗುಂಪು ಮತದಾರರು 10,452, ಸರಿಯಿಲ್ಲದ ಭಾವಚಿತ್ರ 4,132, ಹೊಸ ಮತದಾರರ ನೋಂದಣಿಯ ನಮೂನೆ 6ರ ದುರುಪಯೋಗ 33,692. ಹೀಗೆ ಒಡೆದಾಗ ಹೇಳಿಕೆಗೆ ಐದು ಬಾಗಿಲುಗಳಾಗುತ್ತವೆ. ಪತ್ರಕರ್ತರೊಬ್ಬರು ಒಂದು ವಿಳಾಸ ಹಿಡಿದು ಆ ಮನೆಗೇ ಹೋಗಿ ನೋಡಬಹುದು, ಹೋಗಿ ನೋಡಿದರು ಕೂಡ. ವಿರೋಧಿಗಳೂ ‘ವಿಳಾಸ ಸರಿಯಿಲ್ಲ ಅಂದರೆ ಮತದಾರ ನಕಲಿ ಅಂತ ಹೇಗೆ ಆಗುತ್ತದೆ?’ ಅಂತ ನೇರವಾಗಿ ಆ ಬಾಗಿಲನ್ನೇ ತಟ್ಟಬಹುದು. ಮೊದಲ ದಿನವೇ ಒಟ್ಟು ಮೊತ್ತ ಮಾತ್ರ ಘೋಷಣೆಯಾಗಿ ಹೊರಟಿದ್ದರೆ ಅದನ್ನು ನಂಬುವುದು, ಬಿಡುವುದು ಎರಡೇ ದಾರಿ ಉಳಿಯುತ್ತಿತ್ತು.

ಬರೆಯುವವರು: ಪತ್ರಿಕಾಗೋಷ್ಠಿಯಲ್ಲಿ ಒಂದು ಗಂಟೆ ಕೂತು ನೋಡುವವರಿರುತ್ತಾರೆ. ಮೈದಾನದ ಕಥೆ ಬೇರೆ. ಬಿಸಿಲು, ಮೈಕಿನ ಕಿರುಚಾಟ, ಹಿಂದೆ ಬಸ್ಸು ಕಾಯುತ್ತಿರುತ್ತದೆ. ಜನ ಗ್ರಾಫ್ ಓದುವುದಿಲ್ಲ ಮೇಡಂ. ಅವರನ್ನು ಅಲುಗಾಡಿಸುವುದು ಭಾವನೆ. ಅಳತೆಪಟ್ಟಿ, ಆಧಾರ, ಅಡಿಟಿಪ್ಪಣಿ ಅಂತ ತುಂಬಿಸಿದರೆ ಇರುವ ಒಂದು ನಿಮಿಷವೂ ಹೋಗುತ್ತದೆ.

ಬಿಡಿಸುವವರು: ಜನ ಗ್ರಾಫ್ ಓದುವುದಿಲ್ಲ ಅನ್ನುವ ಮಾತನ್ನು ಅಮೆರಿಕದ ಟಿವಿಯವರೂ ಹೇಳುತ್ತಿದ್ದರು. 1992ರ ಅಕ್ಟೋಬರ್ 6ರಂದು ರಾಸ್ ಪೆರೊ ಎಂಬ, ಅಧ್ಯಕ್ಷ ಚುನಾವಣೆಯ ಸ್ವತಂತ್ರ ಅಭ್ಯರ್ಥಿ ಸಿಬಿಎಸ್ ವಾಹಿನಿಯಲ್ಲಿ ಅರ್ಧ ಗಂಟೆ ಕೊಂಡುಕೊಂಡರು. ಮೇಜಿನ ಮುಂದೆ ಕೂತು, ರಟ್ಟಿನ ಮೇಲಿನ ಚಾರ್ಟುಗಳನ್ನು ಒಂದೊಂದಾಗಿ ಎತ್ತಿ, ಕೋಲಿನಿಂದ ತೋರಿಸುತ್ತಾ ದೇಶದ ಸಾಲವನ್ನು ವಿವರಿಸಿದರು. ಸಂಗೀತವಿಲ್ಲ, ಜನಸಾಗರವಿಲ್ಲ. ಸುಮಾರು 1.6 ಕೋಟಿ ಜನ ನೋಡಿದರು. ಒಂದು ರಾಜ್ಯವನ್ನೂ ಗೆಲ್ಲದಿದ್ದರೂ ನವೆಂಬರಿನಲ್ಲಿ ಅವರಿಗೆ ಶೇ. 18.9 ಮತ ಬಿತ್ತು. ಮತಕ್ಕೆ ಚಾರ್ಟೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಜನ ನೋಡುವುದಿಲ್ಲ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ಒಂದು ಚಾರ್ಟಿಗೆ ಬೇಕಾದಷ್ಟು ಹೊತ್ತು ಕೊಟ್ಟು, ಕೋಲಿನ ತುದಿ ಎಲ್ಲಿದೆ ಅಂತ ತೋರಿಸಿದರೆ ನೋಡುತ್ತಾರೆ. ನಾವು ಆ ಹೊತ್ತನ್ನು ಕೊಡುವುದಿಲ್ಲ. ಹತ್ತು ಸ್ಲೈಡ್ ಓಡಿಸಿ, ಜನಕ್ಕೆ ಅರ್ಥವಾಗುವುದಿಲ್ಲ ಅಂತ ಜನರ ಮೇಲೆ ಹಾಕುತ್ತೇವೆ.

ಭಾವನೆಯ ಮಾತಿಗೆ ಬರುತ್ತೇನೆ. 2006ರ ಸಾಕ್ಷ್ಯಚಿತ್ರದಲ್ಲಿ ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ವಾತಾವರಣದ ಇಂಗಾಲದ ಡೈಆಕ್ಸೈಡಿನ ಗ್ರಾಫ್ ತೋರಿಸುವ ಭಾಗ ನಿಮಗೆ ನೆನಪಿರಬೇಕು. 6.5 ಲಕ್ಷ ವರ್ಷದ ಗೆರೆ, ಹತ್ತು ಲಕ್ಷಕ್ಕೆ 300 ಭಾಗ ದಾಟದೆ ಏರಿಳಿಯುತ್ತಾ ಬರುತ್ತದೆ. ಕೊನೆಯಲ್ಲಿ ಅದು ಎಷ್ಟು ಮೇಲೆ ಹೋಗುತ್ತದೆಂದರೆ ಅವರು ಯಂತ್ರದ ಏಣಿ ಹತ್ತಿ ಅದರ ಜೊತೆ ಮೇಲೇರಬೇಕಾಗುತ್ತದೆ. ಆ ದೃಶ್ಯದ ಭಾವನೆ ಎಲ್ಲಿಂದ ಬಂತು? ಅಳತೆಪಟ್ಟಿಯನ್ನು ಬದಲಿಸದೆ ಇದ್ದುದರಿಂದ. ಪಟ್ಟಿಯನ್ನು ಕುಗ್ಗಿಸಿ ಗೆರೆಯನ್ನು ಪರದೆಯೊಳಗೆ ಹಿಡಿಸಿದ್ದರೆ ಏಣಿಯೇ ಬೇಕಾಗುತ್ತಿರಲಿಲ್ಲ, ನಡುಕವೂ ಹುಟ್ಟುತ್ತಿರಲಿಲ್ಲ. ಅಲ್ಲೊಂದು ಎಚ್ಚರವೂ ಬೇಕು: ಏಣಿಯ ಮೇಲಿನ ಅರ್ಧ ಅಳೆದದ್ದಲ್ಲ, ಮುಂದಿನ ಐವತ್ತು ವರ್ಷದ ಅಂದಾಜು. ಆಗಿರುವುದಕ್ಕೂ ಆಗಬಹುದಾದದ್ದಕ್ಕೂ ಒಂದೇ ಶಾಯಿ ಬಳಸಬಾರದು. 2020ರ ಅಕ್ಟೋಬರ್ 31ರಂದು ಬ್ರಿಟನ್ನಿನ ಪ್ರಧಾನಿ ಎರಡನೇ ಲಾಕ್‌ಡೌನ್ ಘೋಷಿಸಿದಾಗ ದಿನಕ್ಕೆ 4,000 ಸಾವಿನವರೆಗೆ ಹೋಗುವ ಗೆರೆಯೊಂದನ್ನು ಪರದೆಯ ಮೇಲೆ ತೋರಿಸಿದರು. ಅದರ ಹಿಂದಿನ ಊಹೆಗಳೇನು ಅನ್ನುವುದು ಜನರ ಮುಂದಿರಲಿಲ್ಲ. ಕೆಲವೇ ದಿನದಲ್ಲಿ ಅಲ್ಲಿನ ಅಂಕಿಅಂಶ ಪ್ರಾಧಿಕಾರ ಪಾರದರ್ಶಕತೆ ಸಾಲದು ಅಂತ ಬಹಿರಂಗವಾಗಿಯೇ ಹೇಳಿತು. ಲಾಕ್‌ಡೌನ್ ಬೇಕಿತ್ತು ಅನ್ನುವವರಿಗೂ ಆ ಒಂದು ಗೆರೆಯಿಂದ ಉಪಕಾರವಾಗಲಿಲ್ಲ.

ಇನ್ನು ಹೋಲಿಕೆ. ದಾದಾಭಾಯಿ ನವರೋಜಿ ಅವರು 1867–68ರ ಲೆಕ್ಕ ಹಾಕಿ ಬ್ರಿಟಿಷ್ ಭಾರತದಲ್ಲಿ ತಲೆಗೆ ವರ್ಷದ ಉತ್ಪನ್ನ 20 ರೂಪಾಯಿ ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಜೈಲಿನಲ್ಲಿರುವ ಕೈದಿಯ ಊಟ ಬಟ್ಟೆಗೆ ಅದೇ ಸರ್ಕಾರ ಮಾಡುವ ಖರ್ಚನ್ನು ಪಕ್ಕದಲ್ಲಿಟ್ಟರು. ಹೊರಗಿರುವ ನಿರಪರಾಧಿಯ ಪಾಲು ಅದಕ್ಕಿಂತ ಕಡಿಮೆ. ಒಂದು ಗೆರೆಯನ್ನೂ ಎಳೆಯದೆ ಬಿಡಿಸಿದ ಎರಡು ಕಂಬಗಳು ಅವು. ಸಿಟ್ಟು ತರಿಸುವ ಶಕ್ತಿ ಅದಕ್ಕಿದೆ, ಮತ್ತು ಎರಡೂ ಅಂಕಿಗೆ ಸರ್ಕಾರದ ಕಡತವೇ ಆಧಾರವಾಗಿದ್ದರಿಂದ ಸರ್ಕಾರ ಅದನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಭಾವನೆ ಮತ್ತು ಅಳತೆ ಒಂದಕ್ಕೊಂದು ವೈರಿಗಳು ಅಂತ ನಾವು ಅಂದುಕೊಂಡಿರುವುದೇ ಸರಿಯಲ್ಲ.

ಬರೆಯುವವರು: ಸರಿ. ನಮ್ಮ ಎರಡು ಕಂಬಕ್ಕೇ ಬರೋಣ. ಬುಡ ಸೊನ್ನೆಯಿಂದಲೇ ಇರಲಿ. 4.713, 3.647. ಆಧಾರವಾಗಿ ಎರಡೂ ಆಯೋಗಗಳ ಹೆಸರು ಹಾಕಿ. ಇದರಲ್ಲಿ ಎದುರಾಳಿ ಕೇಳುವಂಥದ್ದು ಏನಿದೆ?

ಬಿಡಿಸುವವರು: ಬೇಕಾದಷ್ಟಿದೆ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮತ್ತು ಸಚಿವರು ದೆಹಲಿಯ ಜಂತರ್ ಮಂತರ್‌ನಲ್ಲಿ ‘ನನ್ನ ತೆರಿಗೆ ನನ್ನ ಹಕ್ಕು’ ಅಂತ ಧರಣಿ ಕೂತಾಗ ಮುಂದಿಟ್ಟದ್ದು ಇದೇ ಶೇಕಡಾವಾರು ಇಳಿಕೆ. ನಮ್ಮ ರಾಜ್ಯದಿಂದಲೇ ರಾಜ್ಯಸಭೆಯಲ್ಲಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದಕ್ಕೆ ಕೊಟ್ಟ ಉತ್ತರ ರೂಪಾಯಿಯಲ್ಲಿ: ಹಿಂದಿನ ದಶಕಕ್ಕಿಂತ ಈ ದಶಕದಲ್ಲಿ ಕರ್ನಾಟಕಕ್ಕೆ ಬಂದ ತೆರಿಗೆ ಹಣ ಹಲವು ಪಟ್ಟು ಹೆಚ್ಚು, ಪಾಲನ್ನು ನಿರ್ಧರಿಸುವುದು ಹಣಕಾಸು ಆಯೋಗ, ತಾವಲ್ಲ. ಎರಡೂ ನಿಜ. ಶೇಕಡಾವಾರು ಬರೆದರೆ ಗೆರೆ ಇಳಿಯುತ್ತದೆ, ರೂಪಾಯಿ ಬರೆದರೆ ಏರುತ್ತದೆ. ಹಂಚುವ ಮೊತ್ತವೇ ಒಟ್ಟಾರೆ ಬೆಳೆಯುತ್ತಿರುವಾಗ ಪಾಲು ಕಡಿಮೆಯಾದರೂ ರೂಪಾಯಿ ಹೆಚ್ಚುವುದು ಸಹಜ. ಕರ್ನಾಟಕದ ಮತದಾರರ ಮುಂದೆ ಒಬ್ಬರು ಇಳಿಯುವ ಗೆರೆ ಹಿಡಿದು ನಿಂತರು, ಇನ್ನೊಬ್ಬರು ಏರುವ ಗೆರೆ ಹಿಡಿದು ನಿಂತರು. ಎರಡು ಗೆರೆಗಳನ್ನೂ ಒಂದೇ ಹಾಳೆಯ ಮೇಲೆ ಇಟ್ಟು ತೋರಿಸಬೇಕಾದ ಜವಾಬ್ದಾರಿ ಯಾರದೂ ಆಗಲಿಲ್ಲ. ಮತದಾರರು ತಮ್ಮ ಪಕ್ಷದ ಗೆರೆಯನ್ನು ನಂಬಿಕೊಂಡರು. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ರಾಜ್ಯದ ಹಣಕಾಸಿನಂಥ ದೊಡ್ಡ ವಿಷಯದಲ್ಲಿ ಜನರಿಗೆ ಅರ್ಧರ್ಧ ಹಾಳೆ ಹಂಚಿದೆವು.

ಬರೆಯುವವರು: ಅಂದರೆ ನಮ್ಮ ಪರದೆಯ ಮೇಲೆ ಅವರ ಏರುವ ಗೆರೆಯನ್ನೂ ಹಾಕಬೇಕೆ? ಅದರಿಂದ ನಮ್ಮ ವಾದ ಸಾಯುತ್ತದೆ. ಅದೂ ಅಲ್ಲದೆ ಯಾರೋ ಆ ಭಾಗವನ್ನಷ್ಟೇ ಕತ್ತರಿಸಿ ‘ನೋಡಿ, ಅವರೇ ಒಪ್ಪಿಕೊಂಡರು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುತ್ತಾರೆ.

ಬಿಡಿಸುವವರು: ಕತ್ತರಿಸುವವರು ಏನನ್ನಾದರೂ ಕತ್ತರಿಸುತ್ತಾರೆ. ಕತ್ತರಿಸಿದರೂ ಅರ್ಥ ಕೆಡದ ಹಾಗೆ ಬಿಡಿಸುವುದು ನನ್ನ ಕೆಲಸ. ಎರಡೂ ಗೆರೆ ಒಂದನ್ನೊಂದು ತಬ್ಬಿಕೊಂಡೇ ಇರಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆಯಲು ಬರಬಾರದು. ಹೇಗೆ ಅಂದರೆ, ಶೇಕಡಾವಾರನ್ನು ಬಿಡೋಣ, ರೂಪಾಯಿಗೇ ಹೋಗೋಣ. ಅದು ಅವರ ಅಳತೆಗೋಲು, ಅದನ್ನೇ ತೆಗೆದುಕೊಳ್ಳೋಣ. ಒಂದು ಗೆರೆ, ವರ್ಷ ವರ್ಷ ಕರ್ನಾಟಕಕ್ಕೆ ನಿಜವಾಗಿ ಬಂದ ತೆರಿಗೆ ಪಾಲು. ಅದು ಒಟ್ಟಾರೆ ಏರುತ್ತದೆ, ಏರಲಿ. ಅದರ ಮೇಲೆ ಎರಡನೇ ಗೆರೆ, ಪಾಲು ಶೇ. 4.713ರಲ್ಲೇ ಉಳಿದಿದ್ದರೆ ಅದೇ ಮೊತ್ತದಿಂದ ಎಷ್ಟು ಬರುತ್ತಿತ್ತು ಅನ್ನುವುದು. 2019–20ರವರೆಗೆ ಎರಡೂ ಒಂದೇ ಗೆರೆ. ಆಮೇಲೆ ಒಡೆಯುತ್ತವೆ. ನಡುವೆ ತೆರೆದುಕೊಳ್ಳುವ ಜಾಗವೇ ನಮ್ಮ ವಾದ. ಹಣ ಹೆಚ್ಚಾಗಿದೆ ಅನ್ನುವ ಅವರ ಮಾತು ಅದರಲ್ಲಿದೆ, ಬರಬೇಕಾದದ್ದಕ್ಕಿಂತ ಕಡಿಮೆ ಬಂದಿದೆ ಅನ್ನುವ ನಮ್ಮ ಮಾತೂ ಇದೆ. ಎರಡನೇ ಗೆರೆ ನಡೆದದ್ದಲ್ಲ, ಲೆಕ್ಕ ಹಾಕಿದ್ದು, ಅದಕ್ಕೆ ಚುಕ್ಕೆಗೆರೆ. ಎದುರಿನವರು ನಾಳೆ ಸಂಜೆ ಪತ್ರಿಕಾಗೋಷ್ಠಿ ಕರೆದು ಹೇಳಬಹುದಾದ ಮಾತು ನಮ್ಮ ಪರದೆಯ ಮೇಲೆ ಇವತ್ತೇ ಇದ್ದರೆ, ಅವರಿಗೆ ಹೇಳಲು ಇನ್ನೇನು ಉಳಿಯುತ್ತದೆ?

ಬರೆಯುವವರು: ಉಳಿಯುತ್ತದೆ. ಪಾಲುಗಳೆಲ್ಲ ಕೂಡಿದರೆ ನೂರು. ನಿಮ್ಮ ಚುಕ್ಕೆಗೆರೆ ಮೇಲೇರಬೇಕಾದರೆ ಯಾವ ರಾಜ್ಯದ ಗೆರೆ ಕೆಳಗಿಳಿಯಬೇಕು? ಬಿಹಾರದ್ದೇ, ಉತ್ತರ ಪ್ರದೇಶದ್ದೇ? ನಾನು ಎದುರಾಳಿಯಾದರೆ ಅದನ್ನೇ ಕೇಳುತ್ತೇನೆ.

ಬಿಡಿಸುವವರು: ಒಳ್ಳೆಯ ಪ್ರಶ್ನೆ. ಚಿತ್ರದ ಶಕ್ತಿ ಅಲ್ಲಿಗೆ ಮುಗಿಯುತ್ತದೆ, ಅಲ್ಲಿಂದ ನಿಮ್ಮ ಭಾಷಣ ಶುರುವಾಗಬೇಕು. ಪಾಲು ಯಾಕೆ ಇಳಿಯಿತು ಅನ್ನುವುದನ್ನು ಸ್ಲೈಡ್ ಹೇಳಲಾರದು. 15ನೇ ಆಯೋಗದ ಸೂತ್ರದಲ್ಲಿ ಶೇ. 45 ತೂಕ ತಲಾ ಆದಾಯದ ಅಂತರಕ್ಕೆ: ಯಾವ ರಾಜ್ಯದ ತಲಾ ಆದಾಯ ಕಡಿಮೆಯೋ ಅದಕ್ಕೆ ಹೆಚ್ಚು. ಬೆಂಗಳೂರಿನ ದುಡಿಮೆಯಿಂದ ನಮ್ಮ ತಲಾ ಆದಾಯ ಮೇಲೆ ಹೋಗಿ, ಅದೇ ಕಾರಣಕ್ಕೆ ಪಾಲು ಕೆಳಗೆ ಬಂತು. 1971ರ ಜನಗಣತಿಯನ್ನು ಬಿಟ್ಟು 2011ರದ್ದನ್ನು ಹಿಡಿದದ್ದು ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳಿಗೆ ಅನುಕೂಲವಾಗಲಿಲ್ಲ. ಅದನ್ನು ತುಂಬಲು ಜನಸಂಖ್ಯೆ ಹತೋಟಿಯ ಸಾಧನೆಗೆ ಶೇ. 12.5 ತೂಕ ಕೊಟ್ಟರೂ ಸಾಲಲಿಲ್ಲ. ಬಡ ರಾಜ್ಯಕ್ಕೆ ಹೆಚ್ಚು ಕೊಡಬೇಕು ಅನ್ನುವುದನ್ನು ನಾವು ಒಪ್ಪುತ್ತೇವೆಯೇ? ಒಪ್ಪಿದರೆ, ಐದೇ ವರ್ಷದ ಅಂತರದಲ್ಲಿ ಒಂದು ರಾಜ್ಯದ ಪಾಲಿನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುವುದು ಸರಿಯೇ, ಅದಕ್ಕೊಂದು ಮಿತಿ ಬೇಡವೇ? ಅದು ತತ್ವದ ಮಾತು, ಮನುಷ್ಯರೇ ಆಡಬೇಕಾದ ಮಾತು. ಅದರ ಕೆಲಸವನ್ನು ಕಂಬಕ್ಕೆ ವಹಿಸಿದರೆ ಕಂಬ ಸುಳ್ಳು ಹೇಳುತ್ತದೆ. ಹಾಗೆಯೇ ನಿಮ್ಮ ಏಳನೇ ಪುಟದಲ್ಲಿ ‘ನಾವು ನೂರು ರೂಪಾಯಿ ಕೊಟ್ಟರೆ ಹನ್ನೆರಡು ಹದಿಮೂರು ರೂಪಾಯಿ ಬರುತ್ತದೆ’ ಅನ್ನುವ ವಾಕ್ಯವಿದೆ. ಅದನ್ನು ಚಿತ್ರಕ್ಕೆ ತರಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡು ಇಲ್ಲಿ ತೆರಿಗೆ ಕಟ್ಟುವ ಕಂಪನಿಯ ಲಾಭ ದೇಶದ ಎಲ್ಲ ಕಡೆಯಿಂದ ಬಂದಿರುತ್ತದೆ. ಆ ನೂರು ರೂಪಾಯಿಯಲ್ಲಿ ಎಷ್ಟು ನಮ್ಮದು ಅಂತ ಯಾವ ಅಳತೆಗೋಲಿನಿಂದ ಅಳೆಯುತ್ತೀರಿ?

ಬರೆಯುವವರು: ಆ ವಾಕ್ಯಕ್ಕೆ ಪ್ರತಿ ಊರಲ್ಲೂ ಚಪ್ಪಾಳೆ ಬೀಳುತ್ತದೆ.

ಬಿಡಿಸುವವರು: ಅದರ ಬದಲು ಹೀಗೆ ಹೇಳಬಹುದು: ರಾಜ್ಯಗಳಿಗೆ ಹಂಚುವ ಪ್ರತಿ ನೂರು ರೂಪಾಯಿಯಲ್ಲಿ ನಮಗೆ ಮೊದಲು 4 ರೂಪಾಯಿ 71 ಪೈಸೆ ಬರುತ್ತಿತ್ತು, ಆಮೇಲೆ 3 ರೂಪಾಯಿ 65 ಪೈಸೆ ಬಂತು. ದಿನಸಿ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ತಗೊಳ್ಳುವವರಿಗೆ ಅದು ಕೂಡಲೇ ತಿಳಿಯುತ್ತದೆ, ಮತ್ತು ದೆಹಲಿಯವರೂ ಅದನ್ನು ಅಲ್ಲಗಳೆಯಲಾರರು.

ಬರೆಯುವವರು: ಪೈಸೆಯ ಮಾತು ನನಗೂ ಹಿಡಿಸಿತು. ಬರೆದುಕೊಳ್ಳುತ್ತೇನೆ. ಪರದೆಯ ಮೇಲೆ ಅಕ್ಷರ ಎಷ್ಟು?

ಬಿಡಿಸುವವರು: ತೀರಾ ಕಡಿಮೆ. ಕೇಳುತ್ತಾ ಓದಲು ಯಾರಿಗೂ ಆಗುವುದಿಲ್ಲ. ನೀವು ಬರೆದ ವಾಕ್ಯವನ್ನೇ ಪರದೆಯ ಮೇಲೂ ಹಾಕಿದರೆ ಜನ ಓದಿ ಮುಗಿಸಿ, ಮಾತು ಮುಗಿಯಲಿ ಅಂತ ಕಾಯುತ್ತಾರೆ. ಗೆರೆಯ ತುದಿಯಲ್ಲೇ ಅದರ ಹೆಸರು: ‘ಬಂದದ್ದು’, ‘ಹಳೆಯ ಪಾಲಿದ್ದರೆ’. ದೂರದಲ್ಲೊಂದು ಬಣ್ಣದ ಕೀಲಿ ಕೊಟ್ಟು ಕಣ್ಣನ್ನು ಓಡಾಡಿಸುವುದು ಬೇಡ. ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು; ಇಂಗ್ಲಿಷಿನ ಅಳತೆಯಲ್ಲಿ ಸಾಲು ಕೂಡಿಸಿದರೆ ಎಲ್‌ಇಡಿ ಪರದೆಯಲ್ಲಿ ಒತ್ತುಗಳು ಕೆಳಗಿನ ಸಾಲಿನ ತಲೆಗೆ ಬಡಿದು ಎರಡೂ ಓದಲಾಗುವುದಿಲ್ಲ. ಯುನಿಕೋಡ್‌ನಲ್ಲೇ ಟೈಪಿಸಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಸ್ಲೈಡು ವೇದಿಕೆಯವರ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಗೀಚಿದಂತೆ ಕಾಣುತ್ತದೆ. ಬಣ್ಣದ ವಿಷಯದಲ್ಲಿ ನಮಗೆ ಬೇರೆಯವರಿಗಿಲ್ಲದ ತೊಡಕಿದೆ: ಕೇಸರಿ ಹಾಕಿದರೆ ಒಂದು ಪಕ್ಷ, ಹಸಿರು ಹಾಕಿದರೆ ಇನ್ನೊಂದು ಪಕ್ಷ ಅಥವಾ ರೈತಸಂಘ. ಕೆಂಪು ಹಳದಿ ನಾಡಿನ ಬಾವುಟ, ಆದರೆ ಬಿಳಿಯ ಮೇಲೆ ಹಳದಿ ಬಿಸಿಲಲ್ಲಿ ಮಾಯವಾಗುತ್ತದೆ. ಕಡುನೀಲಿ ಒಂದು ಗೆರೆ, ಅದೇ ನೀಲಿಯ ಚುಕ್ಕೆಗೆರೆ, ನಡುವಿನ ಜಾಗಕ್ಕೆ ತಿಳಿ ಕೆಂಪು. ಕೆಳಗೆ ಒಂದೇ ಸಾಲಿನಲ್ಲಿ ಆಧಾರ: ಆಯೋಗಗಳ ವರದಿ, ಕೇಂದ್ರ ಬಜೆಟ್ ಪತ್ರಗಳು. ಸಂಖ್ಯೆಗಳು ಲಕ್ಷ ಕೋಟಿಯಲ್ಲಿರಲಿ, ಬಿಲಿಯನ್ ಬೇಡ.

ಬರೆಯುವವರು: ಎರಡೂ ಗೆರೆ ಒಟ್ಟಿಗೇ ಕಾಣಬೇಕೇ?

ಬಿಡಿಸುವವರು: ಬೇಡ. ಮೊದಲು ಬಂದದ್ದರ ಗೆರೆ ಮಾತ್ರ. ಹಣ ಹೆಚ್ಚಾಗಿದೆ, ನಿಜ ಅಂತ ಭಾಷಣ ಮಾಡುವವರ ಬಾಯಿಂದಲೇ ಬರಲಿ. ಅಲ್ಲಿ ಭಾಷಣದಲ್ಲಿ ಒಂದು ಸಾಲು ಖಾಲಿ ಬಿಡಿ, ‘ಇಲ್ಲಿ ನಿಲ್ಲಬೇಕು’ ಅಂತ ಬರೆದಿಡಿ. ಆಮೇಲೆ ಚುಕ್ಕೆಗೆರೆ ಬರಲಿ, ತಿರುಗಿ ಅದರ ಕಡೆ ಕೈ ತೋರಿಸಲಿ.

ಬರೆಯುವವರು: ಅವರು ನಿಲ್ಲುವವರಲ್ಲ. ಚಪ್ಪಾಳೆ ಬರದ ಜಾಗದಲ್ಲಿ ನಿಲ್ಲುವುದು ಅವರಿಗೆ ಕಷ್ಟ. ಆದರೂ ಬರೆದಿಡುತ್ತೇನೆ. ಏಳನೇ ಪುಟ ಪೂರ್ತಿ ಬೇರೆ ಬರೆಯಬೇಕಾಗುತ್ತದೆ. ಬಿಹಾರದ ಪ್ರಶ್ನೆಯನ್ನೂ ಅಲ್ಲೇ ಎತ್ತಿಕೊಳ್ಳುತ್ತೇನೆ. 2015ರಿಂದ ವರ್ಷವಾರು ಬಜೆಟ್ ಅಂಕಿಗಳು ನಿಮ್ಮಲ್ಲಿವೆಯೇ?

ಬಿಡಿಸುವವರು: ಇವೆ. ಪರಿಷ್ಕೃತ ಅಂದಾಜಿನ ವರ್ಷಗಳು ಯಾವುವು, ಅಂತಿಮ ಲೆಕ್ಕದ ವರ್ಷಗಳು ಯಾವುವು ಅಂತ ಬೇರೆ ಮಾಡಿ ಕಳಿಸುತ್ತೇನೆ. ಕೊನೆಯ ವರ್ಷ ಇನ್ನೂ ಅಂದಾಜೇ. ಆ ತುಂಡನ್ನು ತೆಳುವಾಗಿ ಬರೆಯುತ್ತೇನೆ.